ಹೆಸರು ಮುಚ್ಚಿದ ಫಿಲ್ಮ್

ಹೋದ ಆಷಾಢದಲ್ಲಿ ನಾದಿನಿಯನ್ನು ನೋಡಲು ಪುಣೆಯ ಹತ್ತಿರದ ಭೋರಿಗೆ ಹೋಗಿದ್ದೆ. ಬಸ್ಸಿಳಿದು, ಕರೆಯಲು ಬಂದಿದ್ದ ಅವಳೊಂದಿಗೆ ಪೇಟೆಯೊಳಗೆ ನಡೆಯುತ್ತಿದ್ದಾಗ ಒಂದು ಹಳೆಯ ಫೋಟೋ ಸ್ಟುಡಿಯೋವನ್ನು ಖಾಲಿ ಮಾಡುತ್ತಿದ್ದರು. ಡಾರ್ಕ್ ರೂಮಿನ ತಟ್ಟೆಗಳು, ಕ್ಯಾನುಗಳು ಮೆಟ್ಟಿಲ ಮೇಲೆ ಬಂದು ಕೂತಿದ್ದವು. ಒಂದು ಕ್ಯಾನಿನ ಮುಚ್ಚಳ ಸಡಿಲಾಗಿತ್ತು. ಮಳೆಯ ತಂಪಿನಲ್ಲಿ, ಫಿಲ್ಮ್ ತೊಳೆಯುವ ಫಿಕ್ಸರಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ನನ್ನ ಕಾಲು ನಿಂತೇ ಬಿಟ್ಟಿತು.

"ವೈನಿ, ಯಾಕ ಹಂಗ ನಿಂತ್ರಿ? ತಲಿ ತಿರಗತದೇನು?" ಎಂದು ನಾದಿನಿ ತೋಳು ಹಿಡಿದಳು.

"ಏನಿಲ್ಲ ಬಾ. ವಾಸನಿ."

ಅವಳಿಗೆ ಅದು ಬರೀ ನಾತ. ಸೆರಗು ಮೂಗಿಗೆ ಹಿಡಿದು ಮುಂದೆ ನಡೆದಳು. ನಾನು ಮಾತ್ರ ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲಕ್ಕೆ, ಆ ಮಳೆಗಾಲದ ಒಂದು ಶನಿವಾರಕ್ಕೆ ಹೋಗಿ ಬಿದ್ದಿದ್ದೆ.

ನಾನು ಗೋಕಾಕದವಳು. ಮದುವೆಯಾಗಿ ಪುಣೆಗೆ ಬಂದು ಬಿಬವೇವಾಡಿಯಲ್ಲಿ ಸಂಸಾರ ಹೂಡಿದ್ದೆ. ಒಂದು ಖಾಸಗಿ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್ ಆಗಿದ್ದೆ. ಹೆಸರು ಕೇಳಿ ಓಣಿಯ ಹೆಂಗಸರು "ಶಾಂತಾ ವೈನಿ ಬಾಂಬ್ ಮಾಡೂ ಕಡೆ ಹೋಗತಾರ" ಎಂದು ಮಕ್ಕಳನ್ನು ಹೆದರಿಸುತ್ತಿದ್ದರು. ಅಸಲಿಗೆ ನಮ್ಮ ಕೆಲಸ ಇಷ್ಟು: ಎಕ್ಸ್-ರೇಯವರು ಹೊರಗಿನಿಂದ ಕಿರಣ ಹಾಯಿಸಿದರೆ ನಾವು ಕಿರಣ ಸೂಸುವ ಔಷಧವನ್ನು ರೋಗಿಯ ರಕ್ತಕ್ಕೇ ಬಿಡುತ್ತೇವೆ. ಅದು ಎಲುಬುಗಳಿಗೆ ಹೋಗಿ ಕೂರುತ್ತದೆ. ಎಲ್ಲಿ ಕೆಟ್ಟದ್ದು ಬೆಳೆಯುತ್ತಿದೆಯೋ ಅಲ್ಲಿ ಹೆಚ್ಚು ಕೂರುತ್ತದೆ. ಉಳಿದದ್ದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮೂರು ತಾಸು ಬಿಟ್ಟು ಕ್ಯಾಮೆರಾದ ಕೆಳಗೆ ಮಲಗಿಸಿದರೆ ಕೆಟ್ಟ ಜಾಗ ಫಿಲ್ಮಿನಲ್ಲಿ ಕಪ್ಪಗೆ ಕಾಣುತ್ತದೆ. ಔಷಧದ ಮೂಲ ಮುಂಬೈಯಿಂದ ಸೀಸದ ಡಬ್ಬಿಯಲ್ಲಿ ವಾರಕ್ಕೊಮ್ಮೆ ಬರುತ್ತಿತ್ತು. ಅದರಿಂದ ದಿನಾ ಬೆಳಿಗ್ಗೆ ಬೇಕಾದಷ್ಟು ಇಳಿಸಿಕೊಳ್ಳುವುದಕ್ಕೆ ನಮ್ಮವರೆಲ್ಲ ಹಾಲು ಕರೆಯುವುದು ಎನ್ನುತ್ತಿದ್ದರು. ಘಾಟಿನಲ್ಲಿ ಗುಡ್ಡ ಕುಸಿದರೆ ಆ ವಾರ ನಮ್ಮ ಎಮ್ಮೆ ಬರುತ್ತಿರಲಿಲ್ಲ.

ಆಗ ಈ ವಿದ್ಯೆಯವರು ಇಡೀ ಪ್ರಾಂತ್ಯದಲ್ಲಿ ಒಂದು ಟೆಂಪೋದಲ್ಲಿ ಹಿಡಿಸುವಷ್ಟೇ ಮಂದಿ. ಆದರೂ ಅವರದೊಂದು ಸಂಘ, ಸಂಘಕ್ಕೊಂದು ಪಶ್ಚಿಮ ಶಾಖೆ, ಶಾಖೆಗೊಂದು ಶನಿವಾರದ ಸಭೆ. ಒಮ್ಮೆ ಪುಣೆಯಲ್ಲಿ, ಒಮ್ಮೆ ಮುಂಬೈಯಲ್ಲಿ. ಸಭೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರೂ ಒಂದು ಫಿಲ್ಮ್ ತರಬೇಕು. ಮೂಲೆಯಲ್ಲಿ ರೋಗಿಯ ಹೆಸರಿರುವ ಕಡೆ ಕಪ್ಪು ಟೇಪು ಹಚ್ಚಿರಬೇಕು. ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಗಿಸಿದರೆ ಉಳಿದವರು ರೋಗಿಯ ಕಥೆ ಏನೂ ಕೇಳದೆ, ಕಂಡದ್ದನ್ನು ಕಂಡ ಹಾಗೆ ಓದಬೇಕು. ದಯೆ ದಾಕ್ಷಿಣ್ಯ ಇಲ್ಲ, ಯಾರ ಫಿಲ್ಮ್ ಎಂದು ಕೇಳುವಂತಿಲ್ಲ. ನಮ್ಮಂಥ ಟೆಕ್ನಾಲಜಿಸ್ಟರು ಹಿಂದಿನ ಬೆಂಚಿನಲ್ಲಿ ಕೂತು, ಫಿಲ್ಮ್ ಹೇಗೆ ತೆಗೆದಿರಿ ಎಂದು ಯಾರಾದರೂ ಕೇಳಿದರೆ ಮಾತ್ರ ಬಾಯಿ ಬಿಡಬೇಕು.

ಈ ಪದ್ಧತಿ ತಂದವರು ನಮ್ಮ ವಿಭಾಗದ ಮುಖ್ಯಸ್ಥರಾದ ಕಡಪಟ್ಟಿ ಸರ್. ಧಾರವಾಡದವರು, ಭಾರಿ ಆಳು, ಮಾತು ಕಡಿಮೆ. "ಹೆಸರ ನೋಡಿದ ಕಣ್ಣು ನೆಟ್ಟಗ ಓದೂದಿಲ್ಲ" ಎನ್ನುತ್ತಿದ್ದರು. ಅವರ ತಂದೆ ಪೊಲೀಸ್ ಹವಾಲ್ದಾರರಾಗಿದ್ದರು. ತಂದೆ ತೀರಿಕೊಂಡ ಮೇಲೆ ಅವರ ಹಿತ್ತಾಳೆಯ ಬಕಲನ್ನು ಸರ್ ಹೊಸ ಬೆಲ್ಟಿಗೆ ಹಾಕಿಸಿಕೊಂಡಿದ್ದರು. ಎಂಟು ಮೂಲೆಯ, ಅಂಗೈ ಅಗಲದ ಬಕಲು. ಮುಂಬೈಯ ಡಾಕ್ಟರ್ ಪರಾಂಜಪೆ ನಮ್ಮ ಸರ್ ಅನ್ನು ಕಂಡಾಗಲೆಲ್ಲ "ಆಧೀ ಬಕಲ್ ಯೇತೋ, ಮಗ ಡಾಕ್ಟರ್" ಎಂದು ಚೇಷ್ಟೆ ಮಾಡುತ್ತಿದ್ದರು. ಮೊದಲು ಬಕಲು ಬರುತ್ತದಂತೆ, ಆಮೇಲೆ ಡಾಕ್ಟರು. ಇಡೀ ಸಂಘಕ್ಕೆ ಆ ಬಕಲಿನ ಗುರುತಿತ್ತು.

ಪರಾಂಜಪೆಯವರಿಗೂ ನಮ್ಮ ಸರ್‌ಗೂ ಎಣ್ಣೆ ಸೀಗೆಕಾಯಿ. ಆ ವರ್ಷವಂತೂ ಜಗಳ ಜೋರಾಗಿತ್ತು. ಸಂಘದ ವಾರ್ಷಿಕ ಅಧಿವೇಶನವನ್ನು ಚಳಿಗಾಲದಲ್ಲಿ ಪುಣೆಯಲ್ಲಿ ನಡೆಸಬೇಕೆಂದು ಸರ್ ಹಟ ಹಿಡಿದು ಗೆದ್ದಿದ್ದರು. ಮುಂಬೈಗೇ ಬೇಕೆಂದು ಪರಾಂಜಪೆ ಕೊನೆಯವರೆಗೆ ಕೈ ಎತ್ತಿ ಸೋತಿದ್ದರು. ಅಂದಿನಿಂದ ಸರ್ ಸಭಾಂಗಣ, ಊಟ, ಅತಿಥಿಗಳ ವಸತಿ ಎಂದು ಊರೆಲ್ಲ ಸುತ್ತುತ್ತಿದ್ದರು. ಯೆರವಡಾದ ಕಡೆ ಒಂದು ಹೋಟೆಲನ್ನು ನೋಡಿ ಬಂದ ದಿನ, "ಧಾರವಾಡದಿಂದ ಪೇಢೆ ತರಸೋಣು, ಮುಂಬೈಯವ್ರ ಬಾಯಿ ಮುಚ್ಚತದ" ಎಂದು ಮಗುವಿನ ಹಾಗೆ ನಕ್ಕಿದ್ದರು.

ಆಮೇಲೆ ಶ್ರಾವಣ ಬಂತು, ಸರ್ ನಗುವುದು ನಿಂತಿತು. ಸಭೆಯಿದ್ದ ಆ ಶನಿವಾರದ ಹಿಂದಿನ ಸಂಜೆ ನನ್ನನ್ನು ಕರೆದು, "ನಾಳೆ ಎಲ್ಲಾರಕಿಂತ ಲಗೂನ ಬಾ ಶಾಂತಾ. ಯಾರಿಗೂ ಹೇಳಬ್ಯಾಡ" ಎಂದರು.

ಹೋದೆ. ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಕಾರಿಡಾರಿನಲ್ಲಿ ದೀಪ ಇನ್ನೂ ಹಾಕಿರಲಿಲ್ಲ. ಸರ್ ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತು ಶರ್ಟಿನ ತೋಳು ಮಡಚಿಕೊಂಡಿದ್ದರು.

"ಎಲುಬಿನ ಸ್ಕ್ಯಾನಿನ ಔಷಧ ಹಾಕು. ನನಗ."

"ಏನಾಗೇದ್ರಿ ಸರ್?"

"ಪ್ರೊಸ್ಟೇಟ್. ತುಣುಕು ತಗದು ನೋಡ್ಯಾರ, ಕ್ಯಾನ್ಸರ್ ಅಂತ ಬಂದದ. ಎಲುಬಿಗೆ ಇಳಿದಿರಲಿಲ್ಲ ಅಂದ್ರ ಸೋಮವಾರ ಆಪರೇಶನ್. ಇಳಿದಿತ್ತಂದ್ರ ಆಪರೇಶನ್ ಮಾಡಿ ಉಪಯೋಗಿಲ್ಲ."

"ಮನ್ಯಾಗ ಗೊತ್ತದನ್ರಿ?"

"ಇಲ್ಲ. ಇವತ್ತ ಸಂಜಿತನಕ ಗೊತ್ತಾಗಬಾರದು." ತೋಳನ್ನು ನನ್ನ ಮುಂದೆ ಚಾಚುತ್ತ ಹೇಳಿದರು: "ಕಪ್ಪು ಬಂತಂದ್ರ ಅಧಿವೇಶನ ಪರಾಂಜಪೆಗೆ ಬಿಟ್ಟುಕೊಡತೀನಿ. ಅರ್ಧಕ್ಕ ಸತ್ತು ಎಲ್ಲಾರ ಮುಂದ ಮಾನಾ ಕಳಕೊಳ್ಳೂದು ಬ್ಯಾಡ."

ಔಷಧ ಹಾಕಿದೆ. ಮೂರು ತಾಸು ಅವರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಲೋಟದ ಮೇಲೆ ಲೋಟ ನೀರು ಕುಡಿಯುತ್ತ ಕೂತರು. ಆಮೇಲೆ ಕ್ಯಾಮೆರಾದ ಕೋಣೆಗೆ ಬಂದರು. ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು: ಕ್ಯಾಮೆರಾದ ಕೆಳಗೆ ಮಲಗುವವರು ತಮ್ಮ ಬಟ್ಟೆ, ಬೆಲ್ಟು ಎಲ್ಲ ಬಿಚ್ಚಿ ಆಸ್ಪತ್ರೆಯ ಗೌನ್ ಹಾಕಿಕೊಳ್ಳಬೇಕು. ಒಬ್ಬ ಮಂತ್ರಿಯ ಬೀಗರು ಬೇಡವೆಂದಾಗ ಸರ್ ತಾವೇ ಗೌನ್ ಕೈಗೆ ಕೊಟ್ಟು, "ಹಾಕ್ಕೋರಿ, ಇಲ್ಲಾ ಮನಿಗೆ ಹೋಗ್ರಿ" ಎಂದಿದ್ದರು. ನಾನು ಮಡಚಿದ ಗೌನ್ ಹಿಡಿದು ನಿಂತೆ.

ಅವರು ಅದರ ಕಡೆ ನೋಡಲೇ ಇಲ್ಲ. "ಬ್ಯಾಡ."

"ಬೆಲ್ಟರ ತಗೀರಿ ಸರ್."

"ಸುಮ್ನ ತಗಿ ಶಾಂತಾ. ನಾ ಏನ ಪೇಶಂಟ್ ಆಗೇನಿ?" ಎಂದು ಪ್ಯಾಂಟು ಬೆಲ್ಟು ಸಮೇತ ಮಲಗಿಬಿಟ್ಟರು. ಧ್ವನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಇಂಥ ಹೊತ್ತಿನಲ್ಲಿ ಯಾರು ವಾದ ಮಾಡುತ್ತಾರೆ? ಕ್ಯಾಮೆರಾ ಶುರುಮಾಡಿದೆ. ಹೆಸರು ಹಾಕಲೂ ಅವರು ಬಿಡಲಿಲ್ಲ. ಮೂಲೆ ಖಾಲಿ ಇಡು ಎಂದರು.

ಡಾರ್ಕ್ ರೂಮಿನಲ್ಲಿ ಕೆಂಪು ದೀಪದ ಕೆಳಗೆ ಫಿಲ್ಮನ್ನು ಡೆವಲಪರಿನಿಂದ ಎತ್ತಿದಾಗಲೇ ಕಂಡಿತು. ಬಲಸೊಂಟದ ಕೆಳಗೆ, ತೊಡೆ ಸೇರುವಲ್ಲಿ ಒಂದು ಕಪ್ಪು ಮಚ್ಚೆ. ಹುಣಸೆಬೀಜದಷ್ಟು, ಗಟ್ಟಿ ಕಪ್ಪು. ಸರ್ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಪ್ರೊಸ್ಟೇಟಿನ ಕ್ಯಾನ್ಸರ್ ಮೊದಲು ಇಳಿಯುವ ಜಾಗವೇ ಅದು.

"ಇನ್ನೊಮ್ಮೆ ತಗಿಯೋಣ್ರಿ ಸರ್" ಎಂದೆ.

"ಹೆದರಿದವರು ಎಲ್ಲಾರೂ ಇನ್ನೊಮ್ಮೆ ಅಂತಾರ." ಫಿಲ್ಮನ್ನು ನನಗೆ ವಾಪಸು ಕೊಟ್ಟರು. "ಮೂಲಿಗೆ ಟೇಪ್ ಹಚ್ಚು. ಮಧ್ಯಾಹ್ನ ಎಲ್ಲಾರದರ ಜೋಡಿ ಇದನ್ನೂ ಇಡು. ನನ್ನ ಕಣ್ಣು ಇವತ್ತ ನಂಬೂ ಹಂಗಿಲ್ಲ. ನನ್ನದು ಅಂತ ತಿಳಿದ್ರ ಅವರೂ ಖರೇ ಹೇಳೂದಿಲ್ಲ."

ಟೇಪು ಹಚ್ಚುವಾಗ ನನಗೆ ಇನ್ನೊಂದು ಕಾಣಿಸಿತು. ಫಿಲ್ಮಿನ ನಡುವೆ, ಬೆನ್ನೆಲುಬಿನ ಕೆಳತುದಿಯ ಮೇಲೆ ಒಂದು ಬಿಳಿ ಗುರುತು. ಲೋಹ ಕಿರಣವನ್ನು ತಡೆಯುತ್ತದೆ, ಅದು ಇದ್ದಲ್ಲಿ ಫಿಲ್ಮ್ ಖಾಲಿ ಉಳಿಯುತ್ತದೆ. ಎಂಟು ಮೂಲೆ. ಹೆಸರು ಹಾಕದೆ ಮೂಲೆಗೆ ಟೇಪು ಹಚ್ಚಿದ್ದು ದಂಡ. ಫಿಲ್ಮಿನ ನಟ್ಟನಡುವೆ ಸರ್ ತಮ್ಮ ಸಹಿ ಹಾಕಿದ್ದರು! ಮಚ್ಚೆಯನ್ನೇ ನೋಡುತ್ತಿದ್ದ ಅವರಿಗೆ ಅದು ಕಂಡಿರಲಿಲ್ಲ. ಹೇಳಬೇಕೆಂದುಕೊಂಡೆ. ಹೇಳಿದರೆ ಫಿಲ್ಮನ್ನು ಸಭೆಗೆ ಇಡುವುದಿಲ್ಲ, ಒಬ್ಬರೇ ಕೂತು ತಮ್ಮ ತೀರ್ಪು ತಾವೇ ಬರೆದುಕೊಳ್ಳುತ್ತಾರೆ. ಬಾಯಿ ಮುಚ್ಚಿಕೊಂಡೆ. ಯಾರ ಕಣ್ಣಿಗೂ ಆ ಬಿಳಿ ಬೀಳದಿರಲಪ್ಪಾ ಎಂದು ದೇವರಿಗೆ ಹರಕೆ ಹೊತ್ತೆ.

ಮಧ್ಯಾಹ್ನ ಮೇಲಿನ ಮಹಡಿಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಒದ್ದೆ ಛತ್ರಿಗಳು ಮೂಲೆಯಲ್ಲಿ ನೀರು ಸುರಿಸುತ್ತಿದ್ದವು. ಪರಾಂಜಪೆ ರೈಲು ತಡವಾಗಿದ್ದಕ್ಕೆ ಪುಣೆಯನ್ನೇ ಬೈಯುತ್ತ ಬಂದರು. "ಅಧಿವೇಶನಕ್ಕೆ ಬರುವವರು ಈಜು ಕಲಿತಿರಬೇಕು ಅಂತ ಕರೆಯೋಲೆಯಲ್ಲಿ ಹಾಕಿಸಿ" ಎಂದು ಮರಾಠಿಯಲ್ಲಿ ಚುಚ್ಚಿದರು. ಸರ್ ಬರೀ ಕುರ್ಚಿ ತೋರಿಸಿದರು. ಮೇಜಿನ ತುದಿಯಲ್ಲಿ, ಎಲ್ಲರಿಂದ ಸ್ವಲ್ಪ ದೂರ ಕೂತಿದ್ದರು. ಯಾಕೆ ದೂರ ಕೂತರೆಂದು ನನಗೆ ಗೊತ್ತಿತ್ತು. ಅವರ ಮೈಯಿಂದ ಇನ್ನೂ ಕಿರಣ ಹೊರಡುತ್ತಿತ್ತು. ಆ ಹೊತ್ತಿನಲ್ಲೂ ಬೇರೆಯವರ ಕಾಳಜಿ. ಆ ಕೋಣೆಯ ಕಪಾಟಿನಲ್ಲಿ ಕಿರಣ ಅಳೆಯುವ ಮೀಟರ್ ಇತ್ತು. ಅದನ್ನು ಹಚ್ಚಿದರೆ ಸರ್ ಪಕ್ಕದಲ್ಲಿ ಚಿಟಿಚಿಟಿ ಎಂದು ಕೂಗಿಕೊಳ್ಳುತ್ತದೆ ಎಂದು ನಾನು ಮೊದಲೇ ಅದನ್ನು ಕೆಳಗೆ ಒಯ್ದು ಇಟ್ಟಿದ್ದೆ.

ಒಂದು ಫಿಲ್ಮ್ ಆಯಿತು, ಎರಡಾಯಿತು. ಮೂರನೆಯದು ನಮ್ಮದು. ನಾನೇ ಸಿಗಿಸಿ ಹಿಂದೆ ಬಂದು ಕೂತೆ. ಕೈಚೀಲವನ್ನು ಎದೆಗೆ ಒತ್ತಿಕೊಂಡೆ.

ಸಭೆಯಲ್ಲಿ ನಿವೃತ್ತ ಕರ್ನಲ್ ಒಬ್ಬರಿದ್ದರು. ಓದುವುದರಲ್ಲೂ ಅವರದು ಪರೇಡಿನ ರೀತಿ. ಎದ್ದು ಬಂದು ಬೆರಳು ಮಚ್ಚೆಯ ಮೇಲಿಟ್ಟರು. "ಯೆ ತೋ ಫೈಲ್ ಗಯಾ ಹೈ. ಖತಮ್" ಎಂದರು. ಹರಡಿದೆ, ಮುಗಿಯಿತು. ಕೂತರು.

ನಾನು ಸರ್ ಕಡೆ ನೋಡಿದೆ. ಅವರು ಗದ್ದವನ್ನು ಕೈಯ ಮೇಲಿಟ್ಟು, ಬೇರೆ ಯಾರದೋ ಫಿಲ್ಮಿನ ಹಾಗೆ ಕೇಳುತ್ತಿದ್ದರು. ಕುತ್ತಿಗೆಯ ನರ ಮಾತ್ರ ಹಗ್ಗದಂತೆ ಎದ್ದಿತ್ತು. ಇನ್ನಿಬ್ಬರು ಕರ್ನಲ್ ಮಾತಿಗೇ ತಲೆಯಾಡಿಸಿದರು. ಒಬ್ಬರು, "ಇವರಿಗೆ ಎಷ್ಟು ಕಾಲ ಇದೆ ಅಂತೀರಿ?" ಎಂದು ಚಹಾ ಹೀರುತ್ತ ಕೇಳಿದರು. ಇನ್ನೊಬ್ಬರು ಹೆಚ್ಚಿಲ್ಲ ಎಂಬಂತೆ ಕೈ ತಿರುಗಿಸಿ ತೋರಿಸಿದರು. ಎದ್ದು ಅವರ ಚಹಾದ ಲೋಟ ಕಿತ್ತುಕೊಳ್ಳಬೇಕು ಅನ್ನಿಸುವಷ್ಟು ಸಿಟ್ಟು ಬಂತು ನನಗೆ. ಅವರ ತಪ್ಪೇನೂ ಇರಲಿಲ್ಲ. ಪದ್ಧತಿಯೇ ಹಾಗಿತ್ತು.

ಪರಾಂಜಪೆ ಇನ್ನೂ ಮಾತಾಡಿರಲಿಲ್ಲ. ಅವರು ಯಾವಾಗಲೂ ಕೊನೆಗೇ ಮಾತಾಡುವವರು. ಎದ್ದು ಪೆಟ್ಟಿಗೆಯ ಹತ್ತಿರ ಹೋದರು. ಕಿಸೆಯಿಂದ ಭೂತಗನ್ನಡಿ ತೆಗೆದರು. ಮಚ್ಚೆ ನೋಡಿದರು. ಆಮೇಲೆ ಭೂತಗನ್ನಡಿ ಮೆಲ್ಲಗೆ ನಡುವಿಗೆ ಸರಿಯಿತು. ನನ್ನ ಹರಕೆ ಅಲ್ಲಿಗೆ ಮುಗಿಯಿತು.

"ಇದೇನಿದು ಬಿಳಿ?" ಎಂದು ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. "ಇದು ಲೋಹ. ಬೆಲ್ಟು! ರೋಗಿಯನ್ನು ಅವನ ಸ್ವಂತ ಬಟ್ಟೆಯಲ್ಲೇ ಮಲಗಿಸಿದ್ದೀರಿ. ಮೂತ್ರದ ಒಂದು ಹನಿ ಪ್ಯಾಂಟಿಗೆ ಬಿದ್ದಿದ್ದರೆ ಅದೂ ಹೀಗೇ ಕಪ್ಪಗೆ ಕಾಣುತ್ತದೆ, ಇದು ಮೊದಲ ವರ್ಷದ ಪಾಠ. ಗೌನ್ ಇಲ್ಲದೆ ಮಲಗಿಸಲು ಯಾವ ಮಹಾರಾಜನಯ್ಯಾ ಇವನು? ಬೆಲ್ಟು ಬಿಚ್ಚು ಅಂತ ಹೇಳಲೂ ಆಗದಷ್ಟು ದೊಡ್ಡ…"

ಮಾತು ಅಲ್ಲಿಗೇ ನಿಂತಿತು. ಅವರು ಮತ್ತೆ ಫಿಲ್ಮಿನ ಕಡೆ ತಿರುಗಿದರು. ಭೂತಗನ್ನಡಿಯ ಕೆಳಗೆ ಎಂಟು ಮೂಲೆಗಳಿದ್ದವು. ಅವರ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಹೊರಗೆ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು.

ತಿರುಗಿದಾಗ ಅವರು ಸರ್ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತ, ಧ್ವನಿ ತಗ್ಗಿಸಿ ಕೇಳಿದರು: "ಈ ಫಿಲ್ಮ್ ಯಾವಾಗ ತೆಗೆದದ್ದು?"

"ಇವತ್ತೇ ಬೆಳಿಗ್ಗೆ ಸರ್."

"ಪೇಶಂಟ್ ಇನ್ನೂ ಇಲ್ಲೇ ಇದ್ದಾರೆಯೇ?"

"ಇದ್ದಾರ್ರಿ."

"ಹಾಗಾದರೆ ಚರ್ಚೆ ಯಾತಕ್ಕೆ? ಮೈಯಲ್ಲಿ ಔಷಧ ಇನ್ನೂ ಇದೆ. ಅವರಿಗೆ ಸ್ನಾನ ಮಾಡಿಸಿ, ಗೌನ್ ಹಾಕಿಸಿ, ಈಗಲೇ ಇನ್ನೊಂದು ತೆಗೆಯಿರಿ. ಅದನ್ನು ನೋಡದೆ ನಾನು ಏನನ್ನೂ ಓದುವುದಿಲ್ಲ."

ಕರ್ನಲ್ ಫಿಲ್ಮನ್ನೊಮ್ಮೆ, ಮೇಜಿನ ತುದಿಯನ್ನೊಮ್ಮೆ ನೋಡಿ, ಕೈಯಲ್ಲಿದ್ದ ಬಿಸ್ಕೀಟನ್ನು ತಟ್ಟೆಗೆ ವಾಪಸು ಇಟ್ಟರು. ಸರ್ ಎದ್ದರು. ಬಾಗಿಲ ತನಕ ನಡೆದು, ಅಷ್ಟೂ ಜನರ ಎದುರಿಗೆ, ಕನ್ನಡದಲ್ಲೇ ಹೇಳಿದರು:

"ಗೌನ್ ತೊಗೊಂಡ ಬಾ ಶಾಂತಾ."

ಕೆಳಗೆ ಬಂದು ಮೈ ತೊಳೆದುಕೊಂಡು ಗೌನ್ ಹಾಕಿಕೊಂಡರು. ಅದು ಅವರಿಗೆ ಮೊಣಕಾಲಿಗೂ ಬರುತ್ತಿರಲಿಲ್ಲ. ಬೆಲ್ಟನ್ನು ಗೂಟಕ್ಕೆ ಸಿಗಿಸಿದೆ. ಪ್ಯಾಂಟನ್ನು ನಿಯಮದ ಪ್ರಕಾರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸೀಸದ ಕಪಾಟಿಗೆ ಹಾಕಿದೆ. ಅವರು ಅತ್ತ ಮುಖ ಮಾಡಿ ನಿಂತಿದ್ದರು.

"ಭಾಳ ದಿವಸಾತು, ಹನಿ ನಿಲ್ಲೂದಿಲ್ಲ" ಎಂದರು. "ಹೇಣತೀಗೂ ಹೇಳಿಲ್ಲ. ಈಗ ಇಡೀ ಸಂಘಕ್ಕ ಗೊತ್ತಾತು. ಕ್ಯಾನ್ಸರಿನ ಮಚ್ಚೀನ ಆಗಿದ್ರ ಮಾನಾ ಉಳೀತಿತ್ತು ನೋಡು."

"ಹುಚ್ಚರ ಗತೆ ಮಾತಾಡಬ್ಯಾಡ್ರಿ ಸರ್" ಎಂದುಬಿಟ್ಟೆ. ಅಷ್ಟು ವರ್ಷದಲ್ಲಿ ಅವರಿಗೆ ನಾನು ಹಾಗೆ ಅಂದದ್ದು ಅದೊಂದೇ ಸಲ. ಅವರು ಹೋಗಿ ಮಲಗಿದರು. ನಾನು ಕ್ಯಾಮೆರಾ ಇಳಿಸುವಾಗ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಈ ಸಲ ಹೆಸರ ಹಾಕು. ಪೂರ್ತಿ ಹೆಸರು."

ಗಾಜಿನ ಆಚೆ ಕ್ಯಾಮೆರಾದ ಪರದೆಯ ಮುಂದೆ ನಾನು ಕೂತೆ. ಪರಾಂಜಪೆ ಬಂದು ನನ್ನ ಹಿಂದೆ ನಿಂತರು. ಔಷಧದ ಬಿಸುಪು ಅರ್ಧಕ್ಕಿಳಿದಿತ್ತು, ಚುಕ್ಕೆಗಳು ಒಂದೊಂದಾಗಿ ಬೀಳುತ್ತಿದ್ದವು, ರಂಗೋಲಿ ಪುಡಿಯನ್ನು ಜಿಪುಣರು ಉದುರಿಸಿದ ಹಾಗೆ. ಬೆನ್ನೆಲುಬು ಮೂಡಿತು. ಎಡಸೊಂಟ ಮೂಡಿತು. ಬಲಸೊಂಟದ ಕೆಳಗೆ ನಾಲ್ಕು ಚುಕ್ಕೆ ಒಟ್ಟಿಗೆ ಬಿದ್ದಾಗ ಪರಾಂಜಪೆ ನನ್ನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದರು. ಇನ್ನಷ್ಟು ಬೀಳುತ್ತವೆಯೇ ಎಂದು ಇಬ್ಬರೂ ಪರದೆಗೆ ಬಾಗಿ ನೋಡಿದೆವು. ಚುಕ್ಕೆಗಳು ಅತ್ತ ಬಿದ್ದವು, ಇತ್ತ ಬಿದ್ದವು, ಎಲ್ಲ ಕಡೆ ಒಂದೇ ಸಮ ಬಿದ್ದವು. ಕೊನೆಗೆ ಬಲಕ್ಕೂ ಎಡಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ.

"ಕಾಹೀ ನಾಹೀ" ಎಂದರು ಪರಾಂಜಪೆ. ಏನೂ ಇಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು, ಒರೆಸುತ್ತಲೇ ಇದ್ದರು.

ನಾನು ಡಾರ್ಕ್ ರೂಮಿಗೆ ಓಡಿದೆ. ಒಣಗುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಫಿಕ್ಸರಿನಿಂದ ಎತ್ತಿ, ನೀರಿನಲ್ಲಿ ಒಂದು ಸಲ ಅದ್ದಿ, ತೊಟ್ಟಿಕ್ಕುತ್ತಿದ್ದ ಫಿಲ್ಮನ್ನು ಹಾಗೇ ತಂದುಕೊಟ್ಟೆ. ಸರ್ ಗೌನಿನಲ್ಲೇ ಕಿಟಕಿಯ ಹತ್ತಿರ ನಿಂತು ಅದನ್ನು ಬೆಳಕಿಗೆ ಹಿಡಿದರು. ಮೊದಲು ಮೂಲೆಯಲ್ಲಿದ್ದ ಹೆಸರನ್ನು ಓದಿದರು. ಆಮೇಲೆ ತಲೆಯಿಂದ ಶುರುಮಾಡಿ ಭುಜ, ಪಕ್ಕೆಲುಬು, ಬೆನ್ನು ಎಂದು ಒಂದೊಂದೇ ಇಳಿಯುತ್ತ ಸೊಂಟಕ್ಕೆ ಬಂದರು. ಅಲ್ಲಿ ತುಂಬ ಹೊತ್ತು ನಿಂತರು. ನೀರು ಮೊಣಕೈಗುಂಟ ಇಳಿದು ಗೌನ್ ಒದ್ದೆಯಾಗುತ್ತಿತ್ತು.

"ನಾರ್ಮಲ್" ಎಂದರು.

ಪರಾಂಜಪೆ ಮುಂದೆ ಬಂದು ಫಿಲ್ಮನ್ನು ಅವರ ಕೈಯಿಂದ ತೆಗೆದುಕೊಂಡರು. "ನೀವು ಹೆಸರು ನೋಡಿ ಓದಿದ್ದೀರಿ ಕಡಪಟ್ಟಿ. ನಮ್ಮ ಸಂಘದಲ್ಲಿ ಅದು ನಡೆಯುವುದಿಲ್ಲ." ಹಾಗೆಂದು ಮೂಲೆಯಲ್ಲಿದ್ದ ಹೆಸರಿನ ಮೇಲೆ ತಮ್ಮ ಹೆಬ್ಬೆರಳನ್ನು ಒತ್ತಿ ಮುಚ್ಚಿದರು. ತಾವೇ ಕಿಟಕಿಗೆ ಹಿಡಿದು, ಏನೂ ಗೊತ್ತಿಲ್ಲದವರ ಹಾಗೆ, ತಲೆಯಿಂದ ಪಾದದವರೆಗೆ ನಿಧಾನವಾಗಿ ಮತ್ತೊಮ್ಮೆ ಓದಿದರು.

"ನಾರ್ಮಲ್" ಎಂದರು.

ಸರ್ ರೋಗಿಗಳ ಕುರ್ಚಿಯಲ್ಲಿ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹಸಿ ಫಿಲ್ಮಿನ ಮೇಲೆ, ಹೆಸರಿದ್ದಲ್ಲಿ, ಪರಾಂಜಪೆಯವರ ಹೆಬ್ಬೆರಳ ಗೆರೆಗಳು ಅಚ್ಚೊತ್ತಿ ನಿಂತಿದ್ದವು. ಕೆಟ್ಟಿತಲ್ಲ, ಬೇರೆ ತೆಗೆಯಲೇನ್ರಿ ಸರ್ ಎಂದು ಕೇಳಿದೆ.

"ಇರಲಿ" ಎಂದರು ಕಡಪಟ್ಟಿ ಸರ್. "ಹಂಗಽ ಇರಲಿ."